ಹಳೆ ಬಟ್ಟೆಗೆ ಬೆಲೆ ಬಂದ ಕತೆ

ನಮ್ಮ ಕರಾವಳಿಯಲ್ಲಿ ಒಂದು ಜನಕ್ಕೆ ಮೈಮೇಲಿನ ಹಳೆ ಬಟ್ಟೆಯನ್ನೇ ಹೆಸರಾಗಿ ಅಂಟಿಸಿದರು. 1909ರಲ್ಲಿ ಅಚ್ಚಾದ ಎಡ್ಗರ್ ಥರ್ಸ್ಟನ್‌ನ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಪುಸ್ತಕದಲ್ಲಿ ಕೊರಗರ ಪಂಗಡಗಳ ವಿವರ ಇದೆ. ಸೊಪ್ಪು ಕೊರಗರು, ಸೊಪ್ಪು ಉಟ್ಟವರು. ಅಂಡೆ ಕೊರಗರು, ದಾರಿಯಲ್ಲಿ ಉಗುಳಬಾರದೆಂದು ಕೊರಳಿಗೆ ಅಂಡೆ ಕಟ್ಟಿಸಿಕೊಂಡವರು. ವಸ್ತ್ರ ಕೊರಗರು, ಹೆಣಕ್ಕೆ ಹೊದಿಸಿದ ಬಟ್ಟೆಯನ್ನು ದಾನವಾಗಿ ಪಡೆದು ಉಟ್ಟವರು. ಹೊಸ ಬಟ್ಟೆ ಅವರಿಗೆ ನಿಷಿದ್ಧ.

ಊರಿಗೆಲ್ಲ ಬುಟ್ಟಿ ಹೆಣೆದುಕೊಟ್ಟ ಕೈ ಅದು. ಆ ಕೈಗೆ ಊರು ಕೊಟ್ಟದ್ದು ಹೆಣದ ಬಟ್ಟೆ. ಹೊಸತ್ ಉಟ್ರೆ ಎಂತ ಆತ್ತ್ ಅಂತ ಕೇಳಿದವರು ಇದ್ದಿರಬೇಕು. ಕೇಳಿದ್ದನ್ನು ಬರೆದಿಡುವ ಕೈ ಮಾತ್ರ ಅವರ ಕಡೆಗೆ ಇರಲಿಲ್ಲ.

ಈಗ ಬೆಂಗಳೂರಿನಂಥ ಪಟ್ಟಣಗಳಲ್ಲಿ ಹಳೆ ಬಟ್ಟೆಗೆ 'ವಿಂಟೇಜ್' ಅಂತ ಹೆಸರಿಟ್ಟು ಅಂಗಡಿ ಹಾಕ್ತಿದ್ದಾರೆ. ಫೋನಿನಲ್ಲೂ ಮಾರ್ತಾರೆ. ಉಳ್ಳವರ ಮಕ್ಕಳು ಆರಿಸಿ ಆರಿಸಿ ಕೊಳ್ತಾರೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ನಮ್ಮ ಒಬ್ಬ ಹುಡುಗಿ ನಾಳೆ ಇಂಥದೇ ಸಣ್ಣ ಅಂಗಡಿ ಹಾಕಿದರೆ, ಆಕೆ ಯಾವ ಚರಿತ್ರೆಯ ಮೇಲೆ ಕೂತು ವ್ಯಾಪಾರ ಮಾಡುತ್ತಾಳೆ? ಕೇಳಬೇಕಾದ ಪ್ರಶ್ನೆ ಇದು.

ಮನುಸ್ಮೃತಿಯ ಹತ್ತನೇ ಅಧ್ಯಾಯ ತೆಗೆದು ಕಾಣಿ. ಚಂಡಾಲರಿಗೆ ಸತ್ತವರ ಬಟ್ಟೆ ಅಂತಿದೆ. ಶೂದ್ರ ಸೇವಕನಿಗೆ ಉಳಿದ ಅನ್ನ, ಹಳೆ ಬಟ್ಟೆ ಅಂತಿದೆ. ನಮ್ಮ ಕಡೆಯ ದೊಡ್ಡ ಮನೆಯವರು ಸಂಸ್ಕೃತ ಓದಿ ಹೀಗೆ ನಡೆದರೇ? ಓದಬೇಕಾಗಿಯೇ ಇರಲಿಲ್ಲ. ರೂಢಿಯೇ ಶಾಸ್ತ್ರವಾಗಿತ್ತು. ಒಗೆದ ಬಟ್ಟೆಗೂ ಮಡಿ ಅಂತೀವಿ, ಜಾತಿಯ ಶುದ್ಧಕ್ಕೂ ಮಡಿ ಅಂತೀವಿ. ಆ ಮಡಿಯನ್ನು ಒಗೆದುಕೊಟ್ಟ ಮಡಿವಾಳನಿಗೇ ಮಡಿ ಸಿಗಲಿಲ್ಲ.

ಈ ಕರಾವಳಿಯಲ್ಲಿ ಬಟ್ಟೆಗೆ ಬರ ಇತ್ತು ಅಂತ ಯಾರೂ ಹೇಳುವಂತಿಲ್ಲ. 1834ರಲ್ಲಿ ಬಾಸೆಲ್ ಮಿಶನ್ ಮಂಗಳೂರಿಗೆ ಬಂತು. ಮತಾಂತರವಾಗಿ ಮನೆ, ಕಸುಬು ಎರಡನ್ನೂ ಕಳೆದುಕೊಂಡವರಿಗೆ ಕೆಲಸ ಬೇಕಿತ್ತು. ನೇಯ್ಗೆ ಕಾರ್ಖಾನೆ ಶುರುವಾಯ್ತು. 1851ರಲ್ಲಿ ಬಂದ ಹಾಲರ್‌ನ ಉಸ್ತುವಾರಿಯಲ್ಲಿ ಖಾಕಿ ಬಟ್ಟೆ ತಯಾರಾಯ್ತು. ಒಂದು ಕಡೆ ಮಗ್ಗದಿಂದ ಹೊಸ ಬಟ್ಟೆ ಇಳಿಯುತ್ತಲೇ ಇತ್ತು, ಇನ್ನೊಂದು ಕಡೆ ಹೊಸತು ಉಡಬಾರದವರು ಇದ್ದೇ ಇದ್ದರು. ಕೊರತೆ ಇದ್ದದ್ದು ಬಟ್ಟೆಗಲ್ಲ, ಉಡುವ ಹಕ್ಕಿಗೆ.

ದೂರದ ಇಂದೋರಿನಲ್ಲೂ ಇದೇ ಕತೆ. ಅಲ್ಲಿನ ಹಳ್ಳಿಗಳ ಮೇಲ್ಜಾತಿಯವರು ಬಲಾಯಿ ಜನರಿಗೆ ಕಟ್ಟಳೆ ಹಾಕಿದರು: ಜರಿ ಅಂಚಿನ ಪೇಟ ಕೂಡದು, ಬಣ್ಣದ ಅಂಚಿನ ಧೋತರ ಕೂಡದು, ಹೆಂಗಸರು ಚೆಂದದ ರವಿಕೆ ತೊಡಕೂಡದು. ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಇದನ್ನು ದಾಖಲಿಸಿದ್ದಾರೆ. ಅದಕ್ಕೂ ಮೊದಲು, 1927ರ ಡಿಸೆಂಬರಿನಲ್ಲಿ, ಮನುಸ್ಮೃತಿಯನ್ನು ಸುಟ್ಟ ಅದೇ ಮಹಾಡಿನಲ್ಲಿ ಅವರು ಹೆಂಗಸರಿಗೆ ಹೇಳಿದ್ದರು: ಅಸ್ಪೃಶ್ಯರೆಂದು ಗುರುತು ಹೇಳುವ ಉಡುಗೆಯ ಕ್ರಮ ಬಿಡಿ, ಬಟ್ಟೆ ಹರಿದಿದ್ದರೂ ಚೊಕ್ಕವಾಗಿರಲಿ. ಅವರ ಜಗಳ ಹಳತಿನ ಜೊತೆಗಲ್ಲ, ಗುರುತಿನ ಜೊತೆಗೆ.

ಹಾಗಾದರೆ ಹಳೆ ಬಟ್ಟೆ ದಾನದಿಂದ ಸರಕಾದದ್ದು ಹೇಗೆ? ಗುಜರಾತಿನ ವಾಘ್ರಿ ಹೆಂಗಸರನ್ನು ನೋಡಿ. ಸ್ಟೀಲು ಪಾತ್ರೆ ತಲೆಮೇಲೆ ಹೊತ್ತು ಬೀದಿ ಬೀದಿ ತಿರುಗಿ, ಪಾತ್ರೆ ಕೊಟ್ಟು ಹಳೆ ಸೀರೆ, ಪ್ಯಾಂಟು ಪಡೆದರು. ದಿಲ್ಲಿಯ ರಘುಬೀರ್ ನಗರದಲ್ಲಿ ನಸುಕಿಗೇ ಅದರ ಸಂತೆ ನೆರೆಯುತ್ತದೆ. ಪರದೇಶದ ಹಳೆ ಬಟ್ಟೆ ಕಾಂಡ್ಲಾದಲ್ಲಿ ಇಳಿದು, ವಿಂಗಡವಾಗಿ ಮತ್ತೆ ಆಫ್ರಿಕಕ್ಕೆ ಹೋಗುತ್ತದೆ. ಅಲ್ಲಿ ಗುಡ್ಡೆಯ ಮುಂದೆ ಕೂತು ಆರಿಸುವವರು ಬಹುಪಾಲು ಹೆಂಗಸರೇ. ಹಳೆ ಉಣ್ಣೆ ಪಾಣಿಪತ್ತಿನಲ್ಲಿ ನೂಲಾಗಿ, ಕಂಬಳಿಯಾಗಿ, ನೆರೆ-ಭೂಕಂಪದ ಸಂತ್ರಸ್ತರ ಮೈಗೆ ಬೀಳುತ್ತದೆ.

ಅಂಗಡಿಯ ಕೆಲಸವೂ ಸುಲಭದ್ದಲ್ಲ. ಗಂಟು ಬಿಚ್ಚಬೇಕು, ಕಲೆ ನೋಡಬೇಕು, ಒಗೆಯಬೇಕು, ಬಿದ್ದ ಗುಂಡಿ ಹಾಕಬೇಕು. ನಮ್ಮ ಮಳೆಗಾಲಕ್ಕೆ ಬೂಷ್ಟು ಬೇರೆ. ಒಂದೊಂದು ಬಟ್ಟೆಯೂ ಒಂದೇ, ಅದೇ ಅಳತೆಯ ಇನ್ನೊಂದು ಕೊಡಿ ಅಂದರೆ ಇಲ್ಲ. ಒಂದು ಹಳೆ ಉಡುಪಿ ಸೀರೆ ಬಂತು ಅನ್ನಿ, ಕೈಮಗ್ಗದ್ದೋ ಅಲ್ಲವೋ, ಮಡಿಕೆಯಲ್ಲಿ ಸೀಳಿದೆಯೋ ಇಲ್ಲವೋ, ನೋಡಿಯೇ ಬೆಲೆ ಕಟ್ಟಬೇಕು.

ಆ ಬೆಲೆಯಲ್ಲೇ ಒಂದು ಬಿಡುಗಡೆ ಇದೆ, ಗೆಳೆಯರೇ. ದಾನದ ಬಟ್ಟೆಯನ್ನು ತಿರುಗಿಸಿ ನೋಡುವಂತಿಲ್ಲ, ಬೇಡ ಅನ್ನುವಂತಿಲ್ಲ. ಕೊಟ್ಟವನ ಮುಂದೆ ಬಗ್ಗಿದ ಬೆನ್ನು ಮೊಮ್ಮಗನ ಕಾಲಕ್ಕೂ ಬಗ್ಗಿಯೇ ಇರಬೇಕು. ಅಂಗಡಿಯಲ್ಲಿ ಕೊಳ್ಳುವವನು ಚೌಕಾಸಿ ಮಾಡಬಹುದು, ಬಿಟ್ಟು ಹೋಗಬಹುದು. ದುಡ್ಡು ಕೊಟ್ಟಲ್ಲಿಗೆ ಋಣ ಮುಗೀತು.

ಆದರೆ ಮಾರುಕಟ್ಟೆಯನ್ನು ದೇವರು ಮಾಡೋದು ಬೇಡ. ದೊಡ್ಡ ಮನೆಯ ಪೆಟ್ಟಿಗೆಯಿಂದ ಬಂದರೆ ವಿಂಟೇಜ್, ನಮ್ಮ ಕೇರಿಯಿಂದ ಬಂದರೆ ಚಿಂದಿ ಅನ್ನುವ ಕಣ್ಣು ಅಂಗಡಿಯೊಳಗೂ ಬರುತ್ತದೆ. ಆರಿಸಿದವಳ, ಒಗೆದವನ, ಹೊಲಿದವನ ಕೂಲಿ ಬೆಲೆಪಟ್ಟಿಯಲ್ಲಿ ಕಾಣುವುದಿಲ್ಲ. ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುವ ಅಜಲನ್ನು ನಿಷೇಧಿಸೋಕೆ ಕರ್ನಾಟಕಕ್ಕೆ 2000ದಲ್ಲಿ ಕಾನೂನು ಬೇಕಾಯ್ತು ಅನ್ನೋದನ್ನು ಮರೆಯೋ ಹಾಗಿಲ್ಲ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಮೇಷ್ಟ್ರುಗಳಿಗೆ, ವಿದ್ಯಾರ್ಥಿಗಳಿಗೆ ಒಂದು ಕೆಲಸ ಇದೆ. ನಿಮ್ಮೂರ ಕೇರಿಯ, ಕೊಪ್ಪದ ಹಿರಿಯರ ಹತ್ತಿರ ಕೂತು ಕೇಳಿ: ಮೊದಲ ಹೊಸ ಬಟ್ಟೆ ಯಾವಾಗ ಉಟ್ಟಿರಿ? ಯಾರ ದುಡ್ಡಿನಲ್ಲಿ? ಉಟ್ಟು ಹೊರಟಾಗ ಊರು ಏನಂತು? ಅವರ ಮಾತಿನಲ್ಲೇ ಬರೆದಿಡಿ. ಥರ್ಸ್ಟನ್‌ನ ಪುಸ್ತಕದಲ್ಲಿ ಕೊಟ್ಟವರು ಯಾರೆಂದು ಇಲ್ಲ. ನಮ್ಮ ಬರಹದಲ್ಲಿ ಇರಲಿ.