ಕಿಡಿಯೂ ಸವೆತವೂ

ನನ್ನ ಬಾಲ್ಯದಲ್ಲಿ, ನಾವಿದ್ದ ಬೀದಿಯ ಕೊನೆಯ ಮನೆಯವರು ಅಂಬಾಸಿಡರ್ ಕಾರೊಂದನ್ನು ಬಾಡಿಗೆಗೆ ಓಡಿಸುತ್ತಿದ್ದರು. ಭಾನುವಾರ ಬೆಳಗಾಯಿತೆಂದರೆ ಅವರು ಅದರ ಬಾನೆಟ್ಟನ್ನೆತ್ತಿ, ಎಂಜಿನ್ನಿನ ಮಗ್ಗುಲಲ್ಲಿದ್ದ ಕರಿಯ ಮುಚ್ಚಳವನ್ನು ತೆಗೆದು, ಒಳಗಿದ್ದ ಎರಡು ಪುಟ್ಟ ಲೋಹದ ಬಿಲ್ಲೆಗಳನ್ನು ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜುತ್ತಿದ್ದರು. ಟಾರ್ಚು ಹಿಡಿದು ನಿಲ್ಲುವುದು ನನ್ನ ಪಾಲಿನ ಕೆಲಸ. "ಇದಕ್ಕೇನಾಗಿದೆ, ಮಾಮಾ?" ಎಂದು ಒಮ್ಮೆ ಕೇಳಿದೆ. "ಏನೂ ಆಗಿಲ್ಲ ಕಣೋ, ಸವೆದಿದೆ ಅಷ್ಟೆ. ಸವೆಯೋದೇ ಇದರ ಕೆಲಸ" ಎಂದರು.

ಆ ಮಾತಿನ ಅರ್ಥ ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ, ಇಂಗ್ಲೆಂಡಿನ ಹಳೆಯ ಸ್ಪೋರ್ಟ್ಸ್ ಕಾರುಗಳ ಚರಿತ್ರೆಯನ್ನು ಓದತೊಡಗಿದಾಗ. ಆ ಕಾರುಗಳಿಗೂ ನಮ್ಮ ಬೀದಿಯ ಬಾಡಿಗೆ ಕಾರಿಗೂ ಎತ್ತಣ ಸಂಬಂಧವೆಂದು ನೀವು ಕೇಳಬಹುದು. ಸಂಬಂಧ ರಕ್ತದ್ದೇ. 1959ರಿಂದ ಅಂಬಾಸಿಡರ್ ಕಾರಿಗೆ ಬಂದ 1489 ಸಿ.ಸಿ. ಎಂಜಿನ್ನು ಬ್ರಿಟನ್ನಿನ 'ಬಿ ಸರಣಿ'ಯ ಕುಡಿ. ಅದೇ ಅಳತೆಯ ಎಂಜಿನ್ನು 1955ರಲ್ಲಿ ಎಂ.ಜಿ.ಎ. ಎಂಬ ಚೆಲುವಾದ ಸ್ಪೋರ್ಟ್ಸ್ ಕಾರಿನಲ್ಲಿತ್ತು. ತುಸು ಹಿಗ್ಗಿ 1798 ಸಿ.ಸಿ. ಆಗಿ 1962ರ ಎಂ.ಜಿ.ಬಿ.ಯನ್ನು ಸೇರಿತು. ಒಬ್ಬ ಅಣ್ಣ ಸಂಸಾರಸ್ಥನಾಗಿ ನಮ್ಮ ಮದುವೆ ದಿಬ್ಬಣಗಳನ್ನು ಹೊತ್ತ; ಇನ್ನೊಬ್ಬ ತಮ್ಮ ಆಕ್ಸ್‌ಫರ್ಡಿನ ಸಮೀಪದ ಆಬಿಂಗ್ಡನ್ನಿನಿಂದ ಹೊರಟು, ತಲೆಯ ಮೇಲೆ ಛಾವಣಿಯಿಲ್ಲದೆ ಲೋಕ ಸುತ್ತಿದ. ಇಬ್ಬರ ಎದೆಯಲ್ಲೂ ಇದ್ದದ್ದು ಅದೇ ಎರಡು ಬಿಲ್ಲೆಗಳು.

ಈಗ ಆ ಸ್ಪೋರ್ಟ್ಸ್ ಕಾರುಗಳನ್ನು ಸಾಕುತ್ತಿರುವವರಲ್ಲಿ ಅನೇಕರು ಬಿಲ್ಲೆಗಳನ್ನು ಕಿತ್ತು, ಆ ಜಾಗದಲ್ಲಿ ಎಲೆಕ್ಟ್ರಾನಿಕ್ ಸಾಧನವೊಂದನ್ನು ಕೂರಿಸುತ್ತಾರೆ. ಮುಚ್ಚಳ ಹಾಕಿದ ಮೇಲೆ ಅದು ಹೊರಗೆ ಕಾಣುವುದಿಲ್ಲ. ಹೀಗೆ ಮಾಡಬಹುದೆ, ಬಾರದೆ ಎಂಬ ಬಗ್ಗೆ ಅವರಲ್ಲಿ ನಡೆಯುವ ವಾದ, ನಮ್ಮಲ್ಲಿ ಹಳೆಯ ದೇವಾಲಯದ ಜೀರ್ಣೋದ್ಧಾರದ ಬಗ್ಗೆ ನಡೆಯುವ ವಾದಕ್ಕಿಂತ ಕಡಿಮೆ ತೀವ್ರವಾದದ್ದಲ್ಲ. ವಾದದ ತಿರುಳನ್ನು ತಿಳಿಯಬೇಕಾದರೆ ಮೊದಲು ಕಿಡಿಯ ಚರಿತ್ರೆಯನ್ನು ತಿಳಿಯಬೇಕು.

ಪೆಟ್ರೋಲಿನ ಆವಿಯನ್ನು ಎಂಜಿನ್ನಿನ ಉರುಳೆಯೊಳಗೆ ಒತ್ತಿ ಹಿಡಿದು, ತಕ್ಕ ಗಳಿಗೆಯಲ್ಲಿ ಕಿಡಿ ತಾಗಿಸಬೇಕು. ಆ ಗಳಿಗೆ ತಪ್ಪಿದರೆ ಬಲವಿಲ್ಲ. ಕಾರ್ಲ್ ಬೆಂಜ್ 1886ರಲ್ಲಿ ತನ್ನ ಮೂರು ಗಾಲಿಯ ವಾಹನಕ್ಕೆ ಪೇಟೆಂಟು ಪಡೆದಾಗ ಅವನನ್ನು ಬಹುವಾಗಿ ಕಾಡಿದ ತೊಡಕು ಇದೇ. 1888ರ ಆಗಸ್ಟಿನಲ್ಲಿ ಅವನ ಪತ್ನಿ ಬರ್ತಾ ಗಂಡನಿಗೆ ತಿಳಿಸದೆ, ಇಬ್ಬರು ಗಂಡುಮಕ್ಕಳೊಡನೆ ಆ ವಾಹನವನ್ನೇರಿ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ, ಸುಮಾರು 100 ಕಿಲೋಮೀಟರು ದೂರದ ತೌರಿಗೆ ಹೋದಳು. ದಾರಿಯಲ್ಲಿ ಕಿಡಿಯ ತಂತಿಯ ಹೊದಿಕೆ ಸವೆದುಹೋಗಿ, ಆಕೆ ತನ್ನ ಕಾಲುಚೀಲದ ಪಟ್ಟಿಯನ್ನೇ ಅದಕ್ಕೆ ಸುತ್ತಿದಳೆಂದು ಹೇಳುತ್ತಾರೆ. ಮೋಟಾರು ವಾಹನದ ಮೊತ್ತಮೊದಲ ದೂರಪ್ರಯಾಣದಲ್ಲಿಯೇ ಸವೆತ ತನ್ನ ಹಾಜರಿ ಹಾಕಿತ್ತು.

ಮುಂದೆ 1897ರಲ್ಲಿ ಷ್ಟುಟ್‌ಗಾರ್ಟಿನ ರಾಬರ್ಟ್ ಬಾಷ್, ಸ್ಥಿರ ಎಂಜಿನ್ನುಗಳಲ್ಲಿ ಬಳಕೆಯಲ್ಲಿದ್ದ ಮ್ಯಾಗ್ನೆಟೋ ಯಂತ್ರವನ್ನು ಚಲಿಸುವ ವಾಹನಕ್ಕೆ ಹೊಂದಿಸಿದ. 1902ರಲ್ಲಿ ಅವನ ಸಹೋದ್ಯೋಗಿ ಗಾಟ್‌ಲೋಬ್ ಹೊನೋಲ್ಡ್ ಅಧಿಕ ವೋಲ್ಟಿನ ಮ್ಯಾಗ್ನೆಟೋ ಮತ್ತು ಸ್ಪಾರ್ಕ್ ಪ್ಲಗ್ಗುಗಳ ಜೋಡಿಯನ್ನು ಸಿದ್ಧಪಡಿಸಿದ. ಬೆಂಗಳೂರಿನ ಆಡುಗೋಡಿಯಲ್ಲಿ ಬೇರೂರಿ, ಒಂದು ಬಡಾವಣೆಗೇ ತನ್ನ ಹೆಸರು ಕೊಟ್ಟ ಮೈಕೋ ಸಂಸ್ಥೆ 1951ರಲ್ಲಿ ಹುಟ್ಟಿದ್ದು ಈ ಬಾಷ್ ಮನೆತನದ ಕವಲಾಗಿ ಎಂಬುದನ್ನು ಇಲ್ಲಿ ನೆನೆಯಬಹುದು.

ಆದರೆ ನಮ್ಮ ಎರಡು ಬಿಲ್ಲೆಗಳ ಪಿತಾಮಹ ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಒಹಾಯೋ ಸೀಮೆಯ ಡೇಟನ್ ನಗರದ ಒಂದು ಕೊಟ್ಟಿಗೆಯಲ್ಲಿ ಗೆಳೆಯರೊಡನೆ ದುಡಿದು ಅವನು ರೂಪಿಸಿದ ಕಿಡಿಯ ವ್ಯವಸ್ಥೆ 1910ರ ಮಾದರಿಯ ಕ್ಯಾಡಿಲಾಕ್ ಕಾರಿಗೆ ಬಂದಿತು. ಅದರ ತತ್ತ್ವ 1831ರಲ್ಲಿ ಫ್ಯಾರಡೆ ಕಂಡುಕೊಂಡದ್ದೇ. ಬ್ಯಾಟರಿಯ ವಿದ್ಯುತ್ತು ತಂತಿಸುರುಳಿಯೊಂದರಲ್ಲಿ ಹರಿದು ಕಾಂತಕ್ಷೇತ್ರವನ್ನು ಕಟ್ಟುತ್ತದೆ. ಬಿಲ್ಲೆಗಳು ಬೇರ್ಪಟ್ಟು ಆ ಹರಿವನ್ನು ಥಟ್ಟನೆ ಕಡಿದಾಗ ಕ್ಷೇತ್ರ ಕುಸಿದು, ಪಕ್ಕದ ಎರಡನೆಯ ಸುರುಳಿಯಲ್ಲಿ ಸಾವಿರಾರು ವೋಲ್ಟುಗಳು ಹುಟ್ಟುತ್ತವೆ. ಡಿಸ್ಟ್ರಿಬ್ಯೂಟರಿನ ತಿರುಗುವ ತೋಳು ಅದನ್ನು ಸರದಿಯಂತೆ ಒಂದೊಂದು ಪ್ಲಗ್ಗಿಗೂ ಹಂಚುತ್ತದೆ. ಎಷ್ಟು ಸರಳ! ಈ ಸರಳತೆಯಿಂದಲೇ ಅದು ಅರವತ್ತು ವರ್ಷಗಳ ಕಾಲ ರಸ್ತೆಗಳನ್ನಾಳಿತು.

ಇನ್ನು ಬಿಲ್ಲೆಗಳ ಪಾಡನ್ನು ಸ್ವಲ್ಪ ಲೆಕ್ಕ ಹಾಕೋಣ. ನಾಲ್ಕು ಉರುಳೆಗಳ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗಿದರೆ, ಅವು ಸೆಕೆಂಡಿಗೆ 100 ಸಲ ತೆರೆದು ಮುಚ್ಚಬೇಕು. ಆ ವೇಗದಲ್ಲಿ ಕಾರು ಗಂಟೆಗೆ 90 ಕಿಲೋಮೀಟರು ಓಡುತ್ತದೆಂದುಕೊಂಡರೆ, ಕಿಲೋಮೀಟರಿಗೆ 4000 ಸಲ. 5000 ಕಿಲೋಮೀಟರು ಮುಗಿಯುವ ಹೊತ್ತಿಗೆ 2 ಕೋಟಿ ಸಲ. ಪ್ರತಿ ಸಲವೂ ಒಂದು ಸಣ್ಣ ಕಿಡಿ ಅವುಗಳ ನಡುವೆಯೂ ಹಾರಲು ಹವಣಿಸುತ್ತದೆ. ಕಂಡೆನ್ಸರ್ ಎಂಬ ಸಣ್ಣ ಡಬ್ಬಿ ಅದನ್ನು ಬಹುಮಟ್ಟಿಗೆ ನುಂಗಿಕೊಂಡರೂ ಪೂರ್ತಿ ತಡೆಯಲಾರದು. ಒಂದು ಬಿಲ್ಲೆಯ ಲೋಹ ಕಣಕಣವಾಗಿ ಇನ್ನೊಂದಕ್ಕೆ ಸಾಗಿ, ಇಲ್ಲಿ ಗುಳಿ, ಅಲ್ಲಿ ಗುಬ್ಬಿ ಏಳುತ್ತದೆ. ಅವುಗಳನ್ನು ಎತ್ತಿ ತೆರೆಯುವ ಹಿಮ್ಮಡಿಯೂ ತಿರುಗುವ ದಂಡಕ್ಕೆ ಉಜ್ಜಿ ಸವೆಯುತ್ತದೆ. ಎಂ.ಜಿ.ಬಿ.ಯಲ್ಲಿ ಇರಬೇಕಾದ ಅಂತರ ಸುಮಾರು 0.35ರಿಂದ 0.40 ಮಿಲಿಮೀಟರು. ಹಿಮ್ಮಡಿ ಸವೆದಂತೆ ಆ ಅಂತರ ಕಿರಿದಾಗಿ ಕಿಡಿ ತಡವಾಗಿ ಹುಟ್ಟುತ್ತದೆ, ಎಂಜಿನ್ನು ಮಂಕಾಗುತ್ತದೆ. ಅದಕ್ಕಾಗಿಯೇ ಆ ಭಾನುವಾರಗಳು, ಆ ಉಪ್ಪುಕಾಗದ.

ಎಂಜಿನ್ನು ದೊಡ್ಡದಾದಷ್ಟೂ, ವೇಗ ಹೆಚ್ಚಿದಷ್ಟೂ ಬಿಲ್ಲೆಗಳ ಶಕ್ತಿ ಸಾಲದಾಯಿತು. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಟ್ರಾನ್ಸಿಸ್ಟರು ಆಗ ನೆರವಿಗೆ ಬಂದಿತು. 1962ರಲ್ಲಿ ಗ್ರಹಾಮ್ ಹಿಲ್ ವಿಶ್ವ ಚಾಂಪಿಯನ್ನಾದ ಬಿ.ಆರ್.ಎಂ. ಪಂದ್ಯದ ಕಾರಿನ ಕಿಡಿಯನ್ನು ನಿಯಂತ್ರಿಸಿದ್ದು ಲ್ಯೂಕಾಸ್ ಸಂಸ್ಥೆಯ ಟ್ರಾನ್ಸಿಸ್ಟರು ವ್ಯವಸ್ಥೆ. 1971ರಲ್ಲಿ ಜಾಗ್ವಾರ್ ತನ್ನ ಇ-ಟೈಪ್ ಕಾರಿಗೆ ಹನ್ನೆರಡು ಉರುಳೆಗಳ ಎಂಜಿನ್ನನ್ನು ಕೂರಿಸಿದಾಗ, ನಿಮಿಷಕ್ಕೆ 6000 ಸುತ್ತಿನಲ್ಲಿ ಸೆಕೆಂಡಿಗೆ 600 ಕಿಡಿಗಳು ಬೇಕಾಗಿದ್ದವು. ಆ ಕಾರು ಬಿಲ್ಲೆಗಳನ್ನು ಬಿಟ್ಟು, ಓಪಸ್ ಎಂಬ ಎಲೆಕ್ಟ್ರಾನಿಕ್ ವ್ಯವಸ್ಥೆಯೊಡನೆಯೇ ಕಾರ್ಖಾನೆಯಿಂದ ಹೊರಬಂದಿತು. ಅಮೆರಿಕದ ಕ್ರೈಸ್ಲರ್ 1973ರ ಹೊತ್ತಿಗೆ ತನ್ನ ಕಾರುಗಳಿಂದ ಬಿಲ್ಲೆಗಳನ್ನು ಕೈಬಿಟ್ಟಿತು.

ಹೀಗಿರುವಾಗ ಹಳೆಯ ಕಾರುಗಳ ಒಡೆಯರು ತಾವೂ ಏಕೆ ಈ ಸುಖವನ್ನು ಪಡೆಯಬಾರದೆಂದು ಯೋಚಿಸಿದ್ದು ಸಹಜ. ಅವರಿಗಾಗಿ ಬಿಡಿ ಸಾಧನಗಳು ಪೇಟೆಗೆ ಬಂದವು. ಬ್ರಿಟನ್ನಿನ ಲುಮಿನಿಷನ್ ಸಾಧನದಲ್ಲಿ ಬೆಳಕಿನ ಕಿರಣವೊಂದನ್ನು ತಿರುಗುವ ತಟ್ಟೆ ಕಡಿಯುತ್ತದೆ. ಅಮೆರಿಕದ ಪರ್ಟ್ರಾನಿಕ್ಸ್ ಸಾಧನದಲ್ಲಿ ಪುಟ್ಟ ಆಯಸ್ಕಾಂತಗಳ ಉಂಗುರ ಸುತ್ತುತ್ತದೆ. ಅದರ ಬಲವನ್ನು ಗ್ರಹಿಸುವುದು 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮ. ಕಾರು ಹುಟ್ಟುವುದಕ್ಕೆ ಏಳು ವರ್ಷ ಮುಂಚೆಯೇ ತಿಳಿದಿದ್ದ ತತ್ತ್ವ ಕಾರು ಹಳೆಯದಾದ ಮೇಲೆ ಅದರ ಊರುಗೋಲಾಯಿತು! ಇಲ್ಲಿ ಲೋಹಕ್ಕೆ ಲೋಹ ತಾಗುವುದಿಲ್ಲ, ಆದುದರಿಂದ ಸವೆತವಿಲ್ಲ. ಭಾನುವಾರದ ಪೂಜೆಯೂ ಇಲ್ಲ.

ನಿಜಕ್ಕೂ ಸವೆತವಿಲ್ಲವೆ? ನನ್ನ ಮಾತಿನ ಮುಖ್ಯಾಂಶ ಇಲ್ಲಿದೆ. ಬಿಲ್ಲೆಗಳು ಹೋದರೂ ಡಿಸ್ಟ್ರಿಬ್ಯೂಟರಿನ ದಂಡ ಹಳೆಯದೇ. ಅದು ತಿರುಗುವ ಬುಷ್ಷು ಸವೆದಿದ್ದರೆ ದಂಡ ತೂಗಾಡುತ್ತದೆ. ಹೊಸ ಸಾಧನವೂ ಆ ತೂಗಾಟದೊಡನೆಯೇ ಕಿಡಿ ಹೊಡೆಯುತ್ತದೆ. ವೇಗಕ್ಕೆ ತಕ್ಕಂತೆ ಕಿಡಿಯನ್ನು ಹಿಂದು ಮುಂದು ಮಾಡುವ ತೂಕಗಳ ಸ್ಪ್ರಿಂಗು ಸಡಿಲಗೊಂಡಿದ್ದರೆ ಅದಕ್ಕೂ ಮದ್ದಿಲ್ಲ. ಹಳೆಯ ಬಿಲ್ಲೆಗಳಾದರೋ ಈ ರೋಗಗಳನ್ನು ನಾಡಿಯಂತೆ ತೋರಿಸುತ್ತಿದ್ದವು: ಅಂತರವನ್ನು ಎಷ್ಟು ಸಲ ಸರಿಪಡಿಸಿದರೂ ನಿಲ್ಲದಿದ್ದರೆ ಬುಷ್ಷು ಸವೆದಿದೆಯೆಂದು ಅರ್ಥ. ನಾಡಿ ಹಿಡಿಯುವುದನ್ನು ಬಿಟ್ಟವನಿಗೆ ರೋಗ ತಿಳಿಯುವುದು ತಡವಾಗಿ.

ಅರೆಮನಸ್ಸಿನ ಸುಧಾರಣೆ ಇನ್ನೂ ಅಪಾಯದ್ದು. ಕೆಲವರು ಬಿಲ್ಲೆಗಳನ್ನು ಉಳಿಸಿಕೊಂಡು ಬಲವಾದ ಹೊಸ ಕಾಯಿಲನ್ನು ಮಾತ್ರ ಹಾಕುತ್ತಾರೆ. ಹಳೆಯ ಕಾಯಿಲಿನ ತಡೆ 3 ಓಮ್ ಆಗಿದ್ದರೆ 12 ವೋಲ್ಟಿನಲ್ಲಿ ಹರಿಯುವುದು ಹೆಚ್ಚೆಂದರೆ 4 ಆಂಪೇರು. ಹೊಸದರ ತಡೆ 1.5 ಓಮ್ ಆದರೆ 8 ಆಂಪೇರು. ಬಡ ಬಿಲ್ಲೆಗಳು ಬೆಂದುಹೋಗುತ್ತವೆ. ಮತ್ತೆ, ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನಧ್ರುವ ಕಾರಿನ ಮೈಗೆ ಜೋಡಣೆಯಾಗಿರುತ್ತಿತ್ತು, ಎಂ.ಜಿ.ಬಿ. 1967ರಲ್ಲಷ್ಟೆ ಋಣಧ್ರುವಕ್ಕೆ ಬದಲಾಯಿತು. ಇದನ್ನರಿಯದೆ ತಂತಿಗಳನ್ನು ಅದಲುಬದಲಾಗಿ ಜೋಡಿಸಿದರೆ ಎಲೆಕ್ಟ್ರಾನಿಕ್ ಸಾಧನ ಕ್ಷಣಾರ್ಧದಲ್ಲಿ ಸುಟ್ಟುಹೋಗಬಹುದು. ಬಿಲ್ಲೆಗಳು ಸಾಯುವುದು ನಿಧಾನವಾಗಿ, ಕೆಮ್ಮುತ್ತ, ಎಚ್ಚರಿಕೆ ಕೊಡುತ್ತ. ಅವುಗಳನ್ನು ಉಗುರು ಉಜ್ಜುವ ಅರದಿಂದ ಕೆರೆದಾದರೂ ಊರು ಸೇರಬಹುದು. ಎಲೆಕ್ಟ್ರಾನಿಕ್ ಸಾಧನ ಸತ್ತರೆ ಅದು ಒಮ್ಮೆಲೇ ಸಾಯುತ್ತದೆ. ದಾರಿಯ ಬದಿಯಲ್ಲಿ ಅದನ್ನು ಬದುಕಿಸುವ ವೈದ್ಯವಿಲ್ಲ. ಅದಕ್ಕೇ ಹೊಸ ಸಾಧನ ಹಾಕಿಸಿಕೊಂಡ ಅನುಭವಸ್ಥರಲ್ಲೂ ಹಲವರು ಹಳೆಯ ಬಿಲ್ಲೆಗಳನ್ನೂ ಕಂಡೆನ್ಸರನ್ನೂ ಪೊಟ್ಟಣ ಕಟ್ಟಿ ಡಿಕ್ಕಿಯಲ್ಲಿಟ್ಟುಕೊಂಡು ಹೊರಡುತ್ತಾರೆ.

ಹಾಗೆಂದು ನಾನು ಹಳತನ್ನೇ ಪೂಜಿಸೆಂದು ಹೇಳುತ್ತಿಲ್ಲ. ಹಳೆಯ ಗುಣಮಟ್ಟದ ಬಿಡಿಭಾಗಗಳು ಈಗ ಸುಲಭವಾಗಿ ಸಿಗುವುದಿಲ್ಲ. ಹೊಸದಾಗಿ ತಯಾರಾದ ಬಿಲ್ಲೆಗಳೂ ತಿರುಗುವ ತೋಳುಗಳೂ ಎಷ್ಟೋ ಸಲ ಬೇಗನೆ ಕೈಕೊಡುತ್ತವೆ. ಓಡದೆ ಗಾಜಿನ ಮನೆಯಲ್ಲಿ ನಿಂತ ಕಾರು ಸ್ಥಾವರ. ಓಡುವ ಕಾರು ಜಂಗಮ. ಜಂಗಮವಾಗಿ ಉಳಿಯಬೇಕೆಂದರೆ ಅಂಗವೊಂದು ಬದಲಾಗಬೇಕಾದೀತು. ನಮ್ಮ ಓಲೆಗರಿಗಳು ಶಿಥಿಲವಾದಾಗ ಲಿಪಿಕಾರರು ಹೊಸ ಗರಿಗಳಿಗೆ ಪ್ರತಿ ಮಾಡಲಿಲ್ಲವೆ? ಮಾಡದಿದ್ದರೆ ಕಾವ್ಯಗಳು ನಮಗೆ ದಕ್ಕುತ್ತಿರಲಿಲ್ಲ. ಆದರೆ ಪ್ರತಿಕಾರನು ತಿದ್ದಿದ್ದು ಯಾವುದು, ಮೂಲದ್ದು ಯಾವುದು ಎಂದು ತಿಳಿಯದೆ ಸಂಪಾದಕರು ಪಟ್ಟ ಪಾಡೂ ನಮಗೆ ಗೊತ್ತು.

ಆದುದರಿಂದ ನನಗೆ ಒಪ್ಪಿಗೆಯಾದ ದಾರಿ ಒಂದೇ. ಮರಳಿ ಬಿಚ್ಚಬಹುದಾದಂತೆ ಬದಲಾವಣೆ ಮಾಡಬೇಕು. ಕಳಚಿದ್ದನ್ನು ಎಸೆಯದೆ ಇಡಬೇಕು. ಯಾವಾಗ, ಏನನ್ನು, ಏಕೆ ಬದಲಿಸಿದೆವೆಂದು ಬರೆದಿಡಬೇಕು. ಗುಳಿ ಬಿದ್ದ ಒಂದು ಜೋಡಿ ಬಿಲ್ಲೆಗಳಲ್ಲಿ, ಆ ಕಾರು ಎಷ್ಟು ದೂರ ಓಡಿತು, ಯಾರು ಅದನ್ನು ಎಷ್ಟು ಅಕ್ಕರೆಯಿಂದ ನೋಡಿಕೊಂಡರು ಎಂಬ ದಾಖಲೆಯಿದೆ. ಅದನ್ನು ಕಸವೆನ್ನುವವನು ಶಾಸನದ ಕಲ್ಲನ್ನು ಬಟ್ಟೆ ಒಗೆಯಲು ಹಾಕಿಕೊಂಡವನಂತೆಯೇ.

ಎಂಜಿನ್ನನ್ನು ರೂಪಿಸಿದ ಜಾಣರಿಗೆ ಒಂದು ವಿಷಯ ತಿಳಿದಿತ್ತು. ಎಲ್ಲಿಯಾದರೂ ಸವೆತ ಇದ್ದೇ ಇರುತ್ತದೆ. ಅದು ಕೈಗೆಟುಕುವ ಜಾಗದಲ್ಲಿ, ಕಡಿಮೆ ಬೆಲೆಯ ಭಾಗದಲ್ಲಿ, ಕಣ್ಣಿಗೆ ಕಾಣುವಂತೆ ಇರಲಿ ಎಂದು ಅವರು ಆ ಬಿಲ್ಲೆಗಳನ್ನು ಇಟ್ಟರು. ನಾವು ಅವುಗಳನ್ನು ಕಿತ್ತರೆ ಸವೆತ ಕಾಣದ ಜಾಗಕ್ಕೆ ಸರಿಯುತ್ತದೆ, ಅಷ್ಟೆ. ನಮ್ಮ ಬೀದಿಯ ಮಾಮ ಕೆಟರಿಂಗನ ಹೆಸರನ್ನು ಕೇಳಿದವರಲ್ಲ. ಆದರೂ ಸವೆಯುವುದೇ ಅದರ ಕೆಲಸವೆಂದು ಅವರಿಗೆ ಗೊತ್ತಿತ್ತು. ವಾರಕ್ಕೊಮ್ಮೆ ಮುಚ್ಚಳ ತೆರೆದು ನೋಡುವುದು ತಮ್ಮ ಕೆಲಸವೆಂದೂ ಗೊತ್ತಿತ್ತು.