ಋತುಚಕ್ರಕ್ಕೂ ನಿದ್ರೆಗೂ ಇದೆ ನಂಟು

ಎಲ್ಲರೂ ಮಲಗಿದ ಮೇಲೆ ಮಲಗಿ, ಎಲ್ಲರಿಗಿಂತ ಮೊದಲೇ ಏಳುವುದು ನಮ್ಮಲ್ಲಿ ಗೃಹಿಣಿಯ ಸದ್ಗುಣವೆಂದೇ ಪರಿಗಣಿತವಾಗಿದೆ. ಮುಟ್ಟು ಏರುಪೇರಾದಾಗ ಆಹಾರ, ತೂಕ, ರಕ್ತಹೀನತೆಯ ಬಗ್ಗೆ ವಿಚಾರಿಸುವವರು ನಿದ್ರೆಯ ಬಗ್ಗೆ ಕೇಳುವುದು ಅಪರೂಪ. ಆದರೆ ಮುಟ್ಟಿನಿಂದ ಋತುಬಂಧದವರೆಗೆ ಮಹಿಳೆಯ ಸಂತಾನೋತ್ಪತ್ತಿ ಆರೋಗ್ಯಕ್ಕೂ ನಿದ್ರೆಗೂ ನಿಕಟ ಸಂಬಂಧವಿದೆ.

ದೇಹದ ಗಡಿಯಾರ

ಮೆದುಳಿನ ಹೈಪೊಥಾಲಮಸ್ ಭಾಗದಲ್ಲಿರುವ ನರಕೋಶಗಳ ಪುಟ್ಟ ಗುಂಪೊಂದು ಬೆಳಕು ಮತ್ತು ಕತ್ತಲೆಯನ್ನು ಆಧರಿಸಿ ದೇಹದ ಗಡಿಯಾರವನ್ನು ನಡೆಸುತ್ತದೆ. ಇಂತಹ ಗಡಿಯಾರದ ಹಿಂದಿರುವ ವಂಶವಾಹಿಗಳ ಕಾರ್ಯವನ್ನು ಬಿಡಿಸಿಟ್ಟ ಅಮೆರಿಕದ ಮೂವರು ವಿಜ್ಞಾನಿಗಳಾದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್ ಹಾಗೂ ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಅಂಡಾಶಯವನ್ನು ನಿಯಂತ್ರಿಸುವ ಸಂಕೇತಗಳೂ ಹೈಪೊಥಾಲಮಸ್‌ನಿಂದಲೇ ಹೊರಟು ಪಿಟ್ಯುಟರಿ ಗ್ರಂಥಿಯನ್ನು ತಲುಪುತ್ತವೆ. ಅಂಡಾಣು ಬಿಡುಗಡೆಗೆ ಕಾರಣವಾಗುವ ಎಲ್‌ಎಚ್ ಹಾರ್ಮೋನಿನ ಏರಿಕೆ ಬಹುತೇಕ ಬೆಳಗಿನ ಜಾವ ಆರಂಭವಾಗುತ್ತದೆ. ಕತ್ತಲಲ್ಲಿ ಸ್ರವಿಸುವ ಮೆಲಟೋನಿನ್, ಅಂಡಾಣುವನ್ನು ಸುತ್ತುವರಿದ ದ್ರವದಲ್ಲಿಯೂ ಇರುತ್ತದೆ. ರಾತ್ರಿಯ ಪ್ರಖರ ಬೆಳಕು ಇದರ ಸ್ರಾವವನ್ನು ತಗ್ಗಿಸುತ್ತದೆ.

ರಾತ್ರಿ ಪಾಳಿ

ರಾಜ್ಯ ಸರ್ಕಾರವು 2019ರ ನವೆಂಬರ್‌ನಲ್ಲಿ ಕಾರ್ಖಾನೆಗಳಲ್ಲಿಯೂ ಮಹಿಳೆಯರ ರಾತ್ರಿ ಪಾಳಿಗೆ ಷರತ್ತುಬದ್ಧ ಅನುಮತಿ ನೀಡಿತು. ದಾದಿಯರಿಗಂತೂ ಈ ಪಾಳಿ ಹೊಸತಲ್ಲ. ಪಾಳಿಯಲ್ಲಿ ದುಡಿಯುವವರಲ್ಲಿ ಮುಟ್ಟಿನ ಏರುಪೇರು ಹೆಚ್ಚೆಂದು ಹಲವು ಅಧ್ಯಯನಗಳು ತಿಳಿಸಿವೆ. ಆದರೆ ಇದಕ್ಕೆ ನಿದ್ರೆಗೇಡು ಒಂದೇ ಕಾರಣವಲ್ಲ. ಥೈರಾಯ್ಡ್, ಪಿಸಿಒಎಸ್, ಮಾನಸಿಕ ಒತ್ತಡಗಳನ್ನೂ ಪರಿಶೀಲಿಸಬೇಕಾಗುತ್ತದೆ. ಪಿಸಿಒಎಸ್ ಇರುವವರಲ್ಲಿ ನಿದ್ರೆಯಲ್ಲಿ ಉಸಿರುಕಟ್ಟುವ ತೊಂದರೆಯೂ ಹೆಚ್ಚು.

ಗರ್ಭಾವಸ್ಥೆ, ಋತುಬಂಧ

ಗರ್ಭಿಣಿಯರು 28 ವಾರಗಳ ನಂತರ ಅಂಗಾತ ಮಲಗದೆ ಮಗ್ಗುಲಾಗಿ ಮಲಗುವುದು ಕ್ಷೇಮ. ಹೊಸದಾಗಿ ಶುರುವಾದ ಗೊರಕೆಯನ್ನು ಕಡೆಗಣಿಸಬಾರದು; ಅದಕ್ಕೂ ಗರ್ಭಿಣಿಯರ ಅಧಿಕ ರಕ್ತದೊತ್ತಡಕ್ಕೂ ಸಂಬಂಧ ಕಂಡುಬಂದಿದೆ. ರಾತ್ರಿ ಕಾಲುಗಳಲ್ಲಿ ತಡೆಯಲಾಗದ ಚಡಪಡಿಕೆಗೆ ಕಬ್ಬಿಣಾಂಶದ ಕೊರತೆ ಕಾರಣವಿರಬಹುದು. ಋತುಬಂಧದ ಆಸುಪಾಸಿನಲ್ಲಿ ಮೈ ಬಿಸಿಯೇರಿ, ಬೆವೆತು ಎಚ್ಚರವಾಗುವುದಕ್ಕೂ ಚಿಕಿತ್ಸೆಯಿದೆ.

ಮಾಡಬೇಕಾದುದೇನು?

ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ರೆ ಅಗತ್ಯ. ಮಲಗುವ ಮತ್ತು ಏಳುವ ಸಮಯ ನಿಗದಿಯಾಗಿರಲಿ. ಸಂಜೆಯ ನಂತರ ಕಾಫಿ, ಹಾಸಿಗೆಯಲ್ಲಿ ಮೊಬೈಲ್ ಬೇಡ. ರಾತ್ರಿ ಪಾಳಿ ಮುಗಿಸಿ ಬಂದವರು ಕಿಟಕಿಗೆ ದಪ್ಪ ಪರದೆ ಹಾಕಿ ಮಲಗುವುದು ಒಳಿತು. ಮುಟ್ಟಿನ ಅಂತರ ಪದೇ ಪದೇ 21 ದಿನಗಳಿಗಿಂತ ಕಡಿಮೆ ಅಥವಾ 35 ದಿನಗಳಿಗಿಂತ ಹೆಚ್ಚಾದಲ್ಲಿ ವೈದ್ಯರನ್ನು ಕಾಣಬೇಕು. ನಿದ್ರೆಯ ವಿಷಯವನ್ನು ತಾವಾಗಿಯೇ ತಿಳಿಸಬೇಕು. ಗರ್ಭಿಣಿಯರು ವೈದ್ಯರ ಸಲಹೆಯಿಲ್ಲದೆ ನಿದ್ರೆಮಾತ್ರೆ ಸೇವಿಸಕೂಡದು.

ಇಷ್ಟಾದರೂ ಇದು ಮಹಿಳೆಯೊಬ್ಬಳೇ ಪಾಲಿಸಬಹುದಾದ ಪಥ್ಯವಲ್ಲ. ರಾತ್ರಿಯ ಪಾತ್ರೆ, ಬೆಳಗಿನ ಡಬ್ಬಿ, ಅಳುವ ಮಗುವಿನ ಹೊಣೆಯನ್ನು ಮನೆಯವರು ಹಂಚಿಕೊಂಡಾಗಲೇ ಆಕೆಗೆ ಆ 7 ಗಂಟೆ ದಕ್ಕೀತು.