ಕೆರಿಯಾ

‘ಕೆರಿಯಾ’ ಹೀಬ್ರೂ ನಾಮಪದ, ಹರಿದುಕೊಳ್ಳುವುದು ಎಂದರ್ಥ. ಮಗ ಯೋಸೇಫ ಸತ್ತನೆಂದು ನಂಬಿದ ಯಾಕೋಬ ಬಟ್ಟೆ ಹರಿದುಕೊಂಡದ್ದನ್ನು ಬೈಬಲ್‌ನ ಆದಿಕಾಂಡ ಇದರ ಧಾತುವಿನಿಂದಲೇ ಹೇಳುತ್ತದೆ.

ಹತ್ತಿರದ ಬಂಧುಗಳು ತೀರಿಕೊಂಡಾಗ ಯೆಹೂದ್ಯರು ಇಂದಿಗೂ ಕೆರಿಯಾ ಮಾಡುತ್ತಾರೆ. ತಂದೆತಾಯಿಗಾದರೆ ಬಟ್ಟೆಯನ್ನು ಎಡಗಡೆ, ಹೃದಯದ ಮೇಲೆ ಹರಿಯುತ್ತಾರೆ, ಉಳಿದವರಿಗೆ ಬಲಗಡೆ.

ಈ ಶೋಕ ಮನುಷ್ಯರಿಗಷ್ಟೇ ಮೀಸಲಲ್ಲ. ಜೆರುಸಲೇಮಿನ ದೇವಾಲಯವನ್ನು ರೋಮನ್ನರು ಕ್ರಿ.ಶ. 70ರಲ್ಲಿ ಕೆಡವಿದರು. ಅದರ ಪಾಳು ನೆಲೆಯನ್ನು ಕಂಡವರೂ ಬಟ್ಟೆ ಹರಿದುಕೊಳ್ಳಬೇಕೆಂದು ಯೆಹೂದ್ಯರ ಧರ್ಮಗ್ರಂಥ ತಾಲ್ಮುಡ್ ವಿಧಿಸುತ್ತದೆ. 30 ದಿನಗಳೊಳಗೆ ಮತ್ತೆ ಬಂದವರಿಗೆ ವಿನಾಯಿತಿ ಉಂಟು. ವಾರದ ವಿಶ್ರಾಂತಿ ದಿನವಾದ ಸಬ್ಬತ್‌ನಂದು ಹರಿಯುವಂತೆಯೇ ಇಲ್ಲ.

1967ರಲ್ಲಿ ಜೆರುಸಲೇಮಿನ ಹಳೆಯ ನಗರ ಇಸ್ರೇಲಿನ ವಶಕ್ಕೆ ಬಂದ ಮೇಲೆ, ದೇವಾಲಯಕ್ಕಲ್ಲದೆ ನಗರಕ್ಕಾಗಿಯೂ ಮಾಡುತ್ತಿದ್ದ ಕೆರಿಯಾ ಇನ್ನು ಬೇಡವೆಂದು ಕೆಲವು ರಬ್ಬಿಗಳು ವಾದಿಸಿದರು. ದೇವಾಲಯದ ಮಾತು ಬೇರೆ. ದೇವಾಲಯದ ಆವರಣದಲ್ಲಿ ಉಳಿದಿರುವ ಪಶ್ಚಿಮ ಗೋಡೆಗೆ ಹೊರಡುವಾಗ ಹರಿಯಲೆಂದೇ ಹಳೆಯ ಅಂಗಿ ತೊಡುವ ಯಾತ್ರಿಕರು ಈಗಲೂ ಇದ್ದಾರೆ.